ಶಬ್ದ ತೆಗೆದ ಬೈಕು

ಒಮಾನಿನ ಇಬ್ರಾದಲ್ಲಿ ನಾನು ಆರು ವರ್ಷ ಇದ್ದೆ. ಅದಕ್ಕೆ ಮೊದಲು ಮಸ್ಕತ್ತಿನ ಮತ್ರಾದ ಒಂದು ಸಪೂರ ಓಣಿಯಲ್ಲಿ, ವಾಹನಗಳ ಬಿಡಿಭಾಗ ಮಾರುವ ಅಂಗಡಿಯ ಕೌಂಟರಿನ ಹಿಂದೆ ನಿಂತು ಕೆಲಸ ಕಲಿತಿದ್ದೆ. ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ಅಂಗಡಿಯ ಧಣಿಗಳು ಇಬ್ರಾದ ಸೂಕಿನ, ಅಂದರೆ ಪೇಟೆಯ, ಪಕ್ಕದಲ್ಲಿ ಇನ್ನೊಂದು ಮಳಿಗೆ ತೆರೆದು ನನ್ನನ್ನು ಅಲ್ಲಿಗೆ ಕಳಿಸಿದರು. ಸಮುದ್ರ ಕಂಡುಕೊಂಡೇ ಬೆಳೆದ ಉಡುಪಿ ಕಡೆಯ ಕೊಂಕಣಿಯವನಿಗೆ ಆ ಒಣ ಬೆಟ್ಟಗಳ ನಡುವಿನ ಊರು ಹಿಡಿಸಲು ಒಂದು ವರ್ಷ ಹಿಡಿಯಿತು. ಬ್ಯಾಟರಿ, ಬೆಲ್ಟು, ಬೇರಿಂಗು, ಫಿಲ್ಟರು ಇವುಗಳ ನಡುವೆ ದಿನ ಹೋಗುತ್ತಿತ್ತು. ಊರಿಗೆ ಬರೆಯುವ ಕಾಗದದಲ್ಲಿ ‘ಸೌಖ್ಯ’ ಎಂಬುದರ ಹೊರತು ಬರೆಯಲು ಹೆಚ್ಚೇನೂ ಇರುತ್ತಿರಲಿಲ್ಲ.

ಅಂಗಡಿಗೆ ಬರುತ್ತಿದ್ದ ಒಬ್ಬ ಹಿರಿಯ ಒಮಾನಿಯನ್ನು ನಾವೆಲ್ಲ ಬಾಬಾ ಎಂದು ಕರೆಯುತ್ತಿದ್ದೆವು. ಅರವತ್ತು ದಾಟಿದ ಮನುಷ್ಯ, ಮಾತು ಕಡಿಮೆ. ಊರಂಚಿನಲ್ಲಿ ಅವರಿಗೊಂದು ಖರ್ಜೂರದ ತೋಟವಿತ್ತು. ತೋಟಕ್ಕೆ ನೀರು ಬರುವುದು ಫಲಜ್ ಎಂಬ ಹಳೆಯ ಕಾಲುವೆಯಿಂದ. ಪಾಳಿಯ ಪ್ರಕಾರ ಹಂಚಿಕೊಳ್ಳುವ ನೀರು. ತಮ್ಮ ಪಾಳಿಯ ಹೊತ್ತಿಗೆ ಅಲ್ಲಿ ಇಲ್ಲದಿದ್ದರೆ ಆ ದಿನದ ನೀರು ಹೋದಂತೆಯೇ. ಇಬ್ಬರು ಹೆಣ್ಣುಮಕ್ಕಳನ್ನು ತಮ್ಮ ಬೀದಿಯಲ್ಲೇ ಮದುವೆ ಮಾಡಿ ಕೊಟ್ಟಿದ್ದರು. ಕೊನೆಯವನು ಮಗ. ಸರಕಾರಿ ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದ ಅವನಲ್ಲಿ ನೂರು ಸಿಸಿಯ ಒಂದು ಜಪಾನಿ ಬೈಕಿತ್ತು. ತಿಂಗಳಿಗೊಮ್ಮೆಯಾದರೂ ನನ್ನ ಕೌಂಟರಿಗೆ ಬಂದು ಮೊಣಕೈ ಊರಿ, ಪ್ಲಗ್ಗನ್ನೋ ಕೇಬಲನ್ನೋ ಕೇಳಿ, ಅದು ಸಿಕ್ಕಿದ ಮೇಲೂ ಹತ್ತು ನಿಮಿಷ ಮಾತಾಡಿಕೊಂಡು ನಿಲ್ಲುತ್ತಿದ್ದ.

ಒಂದು ಮಧ್ಯಾಹ್ನ ಬೆಟ್ಟದ ಮೇಲೆ ಮಳೆ ಸುರಿದು, ವರ್ಷವಿಡೀ ಒಣಗಿರುವ ವಾದಿ ಎಂಬ ಹಳ್ಳದಲ್ಲಿ ನೀರು ನುಗ್ಗಿತು. ಮನೆ ಇದ್ದದ್ದು ಆಚೆ ದಡದಲ್ಲಿ. ಮಗ ಬೈಕನ್ನು ಈಚೆ ದಡದಲ್ಲಿ ಸ್ಟ್ಯಾಂಡ್ ಹಾಕಿ ನಿಲ್ಲಿಸಿ, ಚಪ್ಪಲಿ ಕೈಯಲ್ಲಿ ಹಿಡಿದು ನಡೆದು ದಾಟಲು ಹೊರಟನಂತೆ. ಮೊಣಕಾಲಿನಷ್ಟೇ ನೀರು ಎಂದು ಕಂಡವರು ಹೇಳಿದರು. ಎರಡನೆಯ ದಿನ, ತುಂಬ ಕೆಳಗೆ, ಸಿಕ್ಕಿದ. ಬೈಕು ಮಾತ್ರ ಇಟ್ಟಲ್ಲೇ ಇತ್ತು. ಕೀ ಅದರಲ್ಲೇ ಇತ್ತು.

ನಾಲ್ಕೈದು ತಿಂಗಳ ಮೇಲೆ ಬಾಬಾ ಆ ಬೈಕನ್ನು ತಾವೇ ಓಡಿಸತೊಡಗಿದರು. ಮಂಡಿ ನೋವಿನಿಂದ ತೋಟಕ್ಕೆ ನಡೆಯುವುದು ಆಗುತ್ತಿರಲಿಲ್ಲ. ಆ ವಯಸ್ಸಿನಲ್ಲಿ ಬೈಕು ಕಲಿತದ್ದನ್ನು ಕಂಡು ಸೂಕಿನವರು ಮೊದಲು ನಕ್ಕರು. ಆಮೇಲೆ ಯಾರೂ ನಗಲಿಲ್ಲ.

ಒಂದು ಬೆಳಿಗ್ಗೆ ಅಂಗಡಿಯಲ್ಲಿ ಬೇರೆ ಗಿರಾಕಿಗಳಿಲ್ಲದ ಹೊತ್ತು ನೋಡಿ ಬಂದು, ಅರಬ್ಬಿ ಮತ್ತು ಹಿಂದಿ ಬೆರೆಸಿದ ನಮ್ಮ ವ್ಯಾಪಾರದ ಭಾಷೆಯಲ್ಲಿ ಕೇಳಿದರು: “ಶಬ್ದ ಇಲ್ಲದ ಇಂಜಿನ್ ನಿನ್ನ ಹತ್ತಿರ ಇದೆಯಾ?”

ಸೈಲೆನ್ಸರ್ ತೂತಾಗಿರಬೇಕು ಎಂದುಕೊಂಡೆ. ಹಾಗೆಯೇ ಹೇಳಿದೆ.

“ಸೈಲೆನ್ಸರ್ ಸರಿ ಇದೆ,” ಎಂದರು. “ಮನೆಯವಳು...” ಎಂದು ಶುರು ಮಾಡಿದರು.

ಅವರು ಬೈಕು ಸ್ಟಾರ್ಟ್ ಮಾಡಿದರೆ ಸಾಕು, ಒಳಗೆ ಎಲ್ಲಿದ್ದರೂ ಹೆಂಡತಿ ಅಂಗಳದ ಬಾಗಿಲಿಗೆ ಬರುತ್ತಿದ್ದರಂತೆ. ಬಾಗಿಲ ಮೇಲೆ ಕೈಯಿಟ್ಟು ನಿಲ್ಲುವುದು, ಗಂಡನನ್ನು ನೋಡುವುದು, ಒಳಗೆ ಹೋಗುವುದು. ಒಂದು ಮಾತೂ ಆಡುವುದಿಲ್ಲ. ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ. ಬಾಬಾ ಬೈಕನ್ನು ಓಣಿಯ ತುದಿಯವರೆಗೆ ದೂಡಿಕೊಂಡು ಹೋಗಿ ಅಲ್ಲಿ ಕಿಕ್ ಹೊಡೆದು ನೋಡಿದರು. ಆಗಲೂ ಹಿಂದೆ ತಿರುಗಿದರೆ ಬಾಗಿಲಲ್ಲಿ ಆಕೆ. “ನನ್ನಿಂದ ನೋಡಲಿಕ್ಕೆ ಆಗುವುದಿಲ್ಲ. ಬೈಕು ಮಾರುವುದಕ್ಕೂ ಆಗುವುದಿಲ್ಲ, ಅವನದ್ದು,” ಎಂದರು.

ದೊಡ್ಡ ಬೈಕೊಂದರ ದಪ್ಪ ಸೈಲೆನ್ಸರ್ ತರಿಸಿ ಹಾಕಿಸಿದೆ. ಶಬ್ದ ಇಳಿಯಿತು, ನಿಲ್ಲಲಿಲ್ಲ. ಬಾಬಾ ಬಂದು, ಆಗಲಿಲ್ಲ ಎಂಬಂತೆ ತಲೆಯಾಡಿಸಿದರು. ಆಗ ನನಗೆ ಬ್ಯಾರಿಗಳ ನೆನಪಾಯಿತು.

ಬ್ಯಾರಿಗಳು ಎಂದು ನಾನು ಕರೆಯುತ್ತಿದ್ದದ್ದು ನಮ್ಮ ಮಳಿಗೆಯಿಂದ ನಾಲ್ಕು ಅಂಗಡಿ ಆಚೆ ಮೋಟಾರ್ ವೈಂಡಿಂಗ್ ಮಾಡುತ್ತಿದ್ದ ಒಬ್ಬರನ್ನು. ಉಳ್ಳಾಲದ ಕಡೆಯ ಬ್ಯಾರಿ ಮುಸಲ್ಮಾನರು, ನನಗಿಂತ ಹತ್ತು ವರ್ಷಕ್ಕೆ ದೊಡ್ಡವರು. ಸುಟ್ಟ ಪಂಪಿನ ತಾಮ್ರದ ತಂತಿ ಬಿಚ್ಚಿ ಹೊಸತು ಸುತ್ತುವುದೇ ಅವರ ಕಸುಬು. ಅವರು ನನ್ನನ್ನು ಪೊರ್ಬುಗಳೇ ಎನ್ನುತ್ತಿದ್ದರು. ಊರಲ್ಲಿ ಕ್ರಿಸ್ತುವರನ್ನು ಕರೆಯುವ ಆ ಹೆಸರನ್ನು ಮರುಭೂಮಿಯಲ್ಲಿ ಕೇಳುವಾಗ ಮನೆಯ ಜಗಲಿಯಲ್ಲಿ ಕೂತ ಹಾಗಾಗುತ್ತಿತ್ತು. ನಮ್ಮ ಮಾತು ಅರ್ಧ ತುಳು, ಅರ್ಧ ಕನ್ನಡ.

“ಪೆಟ್ರೋಲ್ ಸುಟ್ಟ ಮೇಲೆ ಶಬ್ದ ಬರ್ಲೇಬೇಕಲ್ಲ ಮಾರಾಯ್ರೆ,” ಎಂದರು. “ಸುಡದೆ ಓಡುದಾದ್ರೆ ಕರೆಂಟೇ ಆಗ್ಬೇಕು.”

“ಕರೆಂಟಿನ ಬೈಕು ಎಲ್ಲಿ ಉಂಟು?”

“ಬೈಕು ಇಲ್ಲ. ಗೋದಾಮಿನಲ್ಲಿ ಮೂಟೆ ಎತ್ತುವ ಬ್ಯಾಟರಿ ಗಾಡಿ ಉಂಟಲ್ಲ, ಅದು ಎಂತ ಶಬ್ದ ಮಾಡ್ತದೆ? ಒಂದು ಹುಳ ಗುಂಯ್‌ಗುಟ್ಟಿದ ಹಾಗೆ, ಅಷ್ಟೇ. ಅದರ ಮೋಟಾರು ಸಿಕ್ಕಿದ್ರೆ ನೋಡುವ.”

ನಗೆಯಾಡುತ್ತಾರೆ ಎಂದುಕೊಂಡೆ. ಮರುದಿನ ಬೆಳಿಗ್ಗೆಯೇ ಸಿಗರೇಟಿನ ರಟ್ಟಿನ ಮೇಲೆ ಚಿತ್ರ ಬರೆದುಕೊಂಡು ಬಂದರು.

ಆ ಚಳಿಗಾಲವಿಡೀ ನಮ್ಮ ಸಂಜೆಗಳು ಆ ಬೈಕಿನ ಸಾಮಾನು ಆರಿಸುವುದರಲ್ಲಿ ಹೋದವು. ಸತ್ಯ ಹೇಳುವುದಾದರೆ, ಆ ದೇಶದಲ್ಲಿ ನಾನು ಖುಷಿಯಿಂದ ಕಳೆದ ದಿನಗಳೂ ಅವೇ.

ಮೊದಲು ಮೋಟಾರು. ನನ್ನಲ್ಲಿ ಲಾರಿಯ ಸ್ಟಾರ್ಟರ್ ಮೋಟಾರು ಬೇಕಾದಷ್ಟಿದ್ದವು. ಅದೇ ಸಾಕಲ್ಲ ಎಂದೆ. ಬ್ಯಾರಿಗಳು ವಾದ ಮಾಡಲಿಲ್ಲ. ಒಂದನ್ನು ಬೆಂಚಿಗೆ ಬಿಗಿದು ಬ್ಯಾಟರಿ ಕೊಟ್ಟು, ಮರದ ತುಂಡು ಒತ್ತಿ ಅದಕ್ಕೆ ಭಾರ ಹಾಕಿದರು. ಎರಡು ನಿಮಿಷದಲ್ಲಿ ವಾರ್ನಿಷ್ ಸುಟ್ಟ ವಾಸನೆ ಬಂತು. “ಇದು ಹತ್ತು ಸೆಕೆಂಡ್ ದುಡಿಯಲಿಕ್ಕೆ ಹುಟ್ಟಿದ್ದು,” ಎಂದರು. “ಬಾಬಾರನ್ನು ತೋಟಕ್ಕೆ ಮುಟ್ಟಿಸುವಾಗ ಹೊಗೆ ಬರ್ತದೆ.” ನೀರಿನ ಪಂಪಿನ ಮೋಟಾರುಗಳು ಮನೆಯ ಕರೆಂಟಿಗೆ ಮಾಡಿದವು, ಬ್ಯಾಟರಿಗೆ ಆಗವು. ಕೊನೆಗೆ ಮತ್ರಾದ ನನ್ನ ಹಳೆಯ ಅಂಗಡಿಯವರು ಕೇಳಿ ನೋಡಿ, ಬಂದರಿನ ಗೋದಾಮೊಂದರಲ್ಲಿ ಮೂಲೆಗೆ ಹಾಕಿದ್ದ ಬ್ಯಾಟರಿ ಗಾಡಿಯ ಮೋಟಾರನ್ನು ಸಾಮಾನಿನ ಪಿಕಪ್ಪಿನಲ್ಲಿ ಕಳಿಸಿಕೊಟ್ಟರು. ಇಪ್ಪತ್ತನಾಲ್ಕು ವೋಲ್ಟಿನದು, ಕುಂಬಳಕಾಯಿಯಷ್ಟು ದಪ್ಪ. ಬ್ಯಾರಿಗಳು ಅದನ್ನು ಬಿಚ್ಚಿ, ಒಳಗಿನ ಇದ್ದಿಲಿನ ಬ್ರಷ್ಷುಗಳನ್ನು ಬೆಳಕಿಗೆ ಹಿಡಿದು ನೋಡಿ, “ಇದು ನಮ್ಮದು,” ಎಂದರು.

ಬ್ಯಾಟರಿಯ ವಿಷಯದಲ್ಲಿ ನಾನೇ ಗಟ್ಟಿ. ಕಾರಿನ ಬ್ಯಾಟರಿ ಅಗ್ಗ, ಹಗುರ. ಆದರೆ ಅದರ ಪ್ಲೇಟು ತೆಳು. ಒಮ್ಮೆಲೇ ಜೋರಾಗಿ ಕೊಡುವುದಷ್ಟೇ ಅದಕ್ಕೆ ಗೊತ್ತು. ದಿನಾ ಖಾಲಿ ಮಾಡಿ ದಿನಾ ತುಂಬಿಸಿದರೆ ಎರಡು ತಿಂಗಳಿಗೆ ಸಾಯುತ್ತದೆ. ಲಾರಿಯದ್ದು ಬಾಳುತ್ತದೆ, ಆದರೆ ಒಂದನ್ನು ಎತ್ತಲು ಇಬ್ಬರು ಬೇಕು. ಸೋಲಾರ್ ಫಲಕಗಳ ಜೊತೆ ಇಡುವ ದಪ್ಪ ಪ್ಲೇಟಿನ ಬ್ಯಾಟರಿ ಆಗ ಹೊಸದಾಗಿ ಬರತೊಡಗಿತ್ತು. ನಿಧಾನವಾಗಿ ಕೊಡುತ್ತದೆ, ಖಾಲಿಯಾದರೂ ತಡೆದುಕೊಳ್ಳುತ್ತದೆ. ಅಂಥ ಎರಡು ತರಿಸಿದೆ. ಇಬ್ರಾದ ಸೆಕೆಯಲ್ಲಿ ನೀರು ಬೇಗ ಆರುತ್ತದೆ, ವಾರಕ್ಕೊಮ್ಮೆ ಮುಚ್ಚಳ ಬಿಚ್ಚಿ ಡಿಸ್ಟಿಲ್ಡ್ ವಾಟರ್ ಹಾಕಬೇಕು ಎಂದು ಬಾಬಾರಿಗೆ ಹೇಳಿದಾಗ, “ನೀರಿನ ಪಾಳಿ ನನಗೆ ಕಲಿಸಬೇಡ,” ಎಂದರು. ಅವರು ನಕ್ಕದ್ದನ್ನು ನಾನು ಕಂಡದ್ದು ಅಂದೊಮ್ಮೆ.

ವೇಗ ಹೆಚ್ಚು ಕಡಿಮೆ ಮಾಡುವುದು ದೊಡ್ಡ ತಲೆನೋವಾಯಿತು. ಇವತ್ತು ಅದಕ್ಕೆಂದೇ ಅಂಗೈಯಗಲದ ಪೆಟ್ಟಿಗೆ ಸಿಗುತ್ತದೆ. ನಮಗೆ ಸಿಕ್ಕಿದ್ದು ಪಂಪುಗಳ ಪೆಟ್ಟಿಗೆಯಲ್ಲಿ ಇರುವಂಥ, ಟಪ್ ಎಂದು ಬಡಿದು ಕರೆಂಟು ಕೂಡಿಸುವ ಕಾಂಟ್ಯಾಕ್ಟರುಗಳು. ಬ್ಯಾರಿಗಳು ಎರಡೇ ಮೆಟ್ಟಿಲು ಮಾಡಿದರು: ಮೊದಲನೆಯದರಲ್ಲಿ ಎರಡು ಬ್ಯಾಟರಿಯೂ ಪಕ್ಕಪಕ್ಕ ನಿಂತು ಹನ್ನೆರಡು ವೋಲ್ಟ್, ಎರಡನೆಯದರಲ್ಲಿ ಒಂದರ ಹಿಂದೊಂದು ನಿಂತು ಇಪ್ಪತ್ತನಾಲ್ಕು. “ನಡಿಗೆ ಒಂದು, ಓಟ ಒಂದು. ಮುದುಕರಿಗೆ ಇನ್ನೆಂತ ಬೇಕು?” ಎಂದರು. ಕಾಂಟ್ಯಾಕ್ಟರ್ ಅಂಟಿಕೊಂಡು ಬೈಕು ನಿಲ್ಲದೇ ಹೋದರೆ ಎಂಬ ಹೆದರಿಕೆಯಿಂದ, ಮೊಣಕಾಲಿನ ಪಕ್ಕ ಒಂದು ದೊಡ್ಡ ಕೈಸ್ವಿಚ್ಚನ್ನೂ ಕೂರಿಸಿದರು. ಎಳೆದರೆ ಎಲ್ಲವೂ ಬಂದ್. ಚೈನಿನ ಹಲ್ಲುಚಕ್ರಕ್ಕೆ ಮೂರು ಸಲ ಲೆಕ್ಕ ತಪ್ಪಿತು. ಕೊನೆಗೆ ಮುಂದೆ ಹತ್ತು ಹಲ್ಲು, ಹಿಂದೆ ಅರವತ್ತು ಎಂದು ತೀರ್ಮಾನಿಸಿ, ದೊಡ್ಡದನ್ನು ಲೇತಿನವನಿಂದ ಮಾಡಿಸಿದೆವು.

ಎಲ್ಲ ಸಾಮಾನು ಬಂದ ಮೇಲೆ ಒಂದು ಶುಕ್ರವಾರ ಬಾಬಾ ಬೈಕನ್ನು ತಂದರು. ಬ್ಯಾರಿಗಳು ಇಂಜಿನ್ನಿನ ಬೋಲ್ಟು ಬಿಚ್ಚಿ ಅದನ್ನು ಕೆಳಗಿಳಿಸಿ ನೆಲದ ಮೇಲೆ ಗೋಣಿ ಹಾಸಿ ಇಟ್ಟರು. ಬ್ಯಾಟರಿಗಳನ್ನು ಹಿಡಿದು ನೋಡಿದರೆ ಜಾಗ ಸಾಲದು. ಸೀಟಿನ ಹಿಂದೆ ಇಡಬಹುದಿತ್ತು. ಆದರೆ ಭಾರ ಮೇಲಾದರೆ ಮಂಡಿ ನೋವಿನ ಮನುಷ್ಯ ಬೈಕನ್ನು ವಾಲಿಸಿ ಹಿಡಿಯುವುದು ಹೇಗೆ? ಕೆಳಗೇ ಇಡಬೇಕು. ಕೆಳಗೆ ಇಡಬೇಕಾದರೆ ಚಾಸಿಸ್ಸಿನಲ್ಲಿ ಇಂಜಿನ್ ಕೂರುವ ಪೈಪುಗಳನ್ನು ಕತ್ತರಿಸಿ ಬೇರೆ ತೊಟ್ಟಿಲು ಬೆಸೆಯಬೇಕು.

ಗ್ರೈಂಡರ್ ಕೈಗೆತ್ತಿಕೊಂಡ ಬ್ಯಾರಿಗಳು ಒಂದು ಕ್ಷಣ ನಿಂತು ತುಳುವಿನಲ್ಲಿ ನನ್ನನ್ನು ಕೇಳಿದರು: “ಪೊರ್ಬುಗಳೇ, ಇದನ್ನು ಕಡಿದ್ರೆ ಆ ಇಂಜಿನ್ ಮತ್ತೆ ಕೂರುದಿಲ್ಲ. ಮನೆಯವರಿಗೆ ಗೊತ್ತುಂಟಾ ಅಂತ ಒಮ್ಮೆ ಕೇಳಿ.”

ಒಬ್ಬ ಒಮಾನಿಯನ್ನು ಅವನ ಹೆಂಡತಿಯ ಬಗ್ಗೆ ಕೇಳುವುದು ಆ ಊರಲ್ಲಿ ಮರ್ಯಾದೆಯಲ್ಲ. ಅದು ನಿಜ. ಆದರೆ ನಾನು ಕೇಳದಿದ್ದದ್ದು ಅದೊಂದೇ ಕಾರಣಕ್ಕಲ್ಲ. ಕೆಲಸ ನಿಂತುಹೋಗುವುದು ನನಗೆ ಬೇಕಿರಲಿಲ್ಲ. “ಕಡಿದರೆ ಮತ್ತೆ ಜೋಡಿಸಲಿಕ್ಕಾಗುವುದಿಲ್ಲ, ಆಗಬಹುದಾ?” ಎಂದಷ್ಟೇ ಬಾಬಾರಿಗೆ ಹೇಳಿದೆ.

“ಖಲಾಸ್,” ಎಂದರು ಬಾಬಾ. “ಯಲ್ಲಾ, ಕಡಿ.” ನೆಲದ ಮೇಲಿದ್ದ ಇಂಜಿನ್ನನ್ನು ಕೈಯಿಂದ ತೋರಿಸಿ, “ಅದನ್ನು ಎಲ್ಲಿಗಾದರೂ ಕಳಿಸು. ನನ್ನ ಕಣ್ಣಿಗೆ ಬೀಳಬಾರದು,” ಎಂದರು. ಮಾರನೆಯ ದಿನ ಗುಜರಿಯವನ ಪಿಕಪ್ ಬಂದಾಗ ನಾನೇ ಅದನ್ನು ಎತ್ತಿ ಹಾಕಿದೆ.

ಬೈಕು ಓಡಿತು. ಬ್ಯಾರಿಗಳ ಅಂಗಡಿಯ ಹಿಂದಿನ ಬಯಲಿನಲ್ಲಿ ಬಾಬಾ ಒಂದು ಸುತ್ತು, ಎರಡು ಸುತ್ತು ಹೋಗಿ ಬಂದರು. ಕಲ್ಲುಗಳ ಮೇಲೆ ಟಯರು ಉರುಳುವುದು, ಚೈನಿನ ಸಣ್ಣ ಸದ್ದು, ಮೋಟಾರಿನ ಗುಂಯ್ ಎನ್ನುವುದು, ಇಷ್ಟೇ ಕೇಳುತ್ತಿತ್ತು. ಬಾಬಾ ಇಳಿದು ಬ್ಯಾರಿಗಳ ಎರಡೂ ಕೈ ಹಿಡಿದುಕೊಂಡರು.

ಎರಡು ವಾರ ಕಳೆಯಿತು. ಬುಧವಾರ ಇಬ್ರಾದಲ್ಲಿ ಹೆಂಗಸರ ಸೂಕು. ಸುತ್ತಲ ಹಳ್ಳಿಗಳ ಹೆಂಗಸರು ಬಂದು ಬಟ್ಟೆ, ಸುರ್ಮಾ, ಬುಟ್ಟಿ ಮಾರುತ್ತಾರೆ, ಕೊಳ್ಳುತ್ತಾರೆ. ಗಂಡಸರು ಆ ಕಡೆ ಹೋಗುವುದಿಲ್ಲ. ಆ ಬುಧವಾರ ಮಧ್ಯವಯಸ್ಸು ದಾಟಿದ ಒಬ್ಬ ತಾಯಿ, ಜೊತೆಗೆ ಮಗಳು, ನಮ್ಮ ಅಂಗಡಿಯ ಮೆಟ್ಟಿಲು ಹತ್ತಿ ಬಂದರು. ತಾಯಿ ಕೌಂಟರಿನ ಮೇಲೆ ಒಂದು ಚೀಲ ಖರ್ಜೂರ ಇಟ್ಟರು. ಬಾಬಾರ ಹೆಂಡತಿ ಎಂದು ಮಗಳು ಹೇಳಿದ ಮೇಲೆಯೇ ನನಗೆ ಗೊತ್ತಾದದ್ದು. ಕೃತಜ್ಞತೆ ಹೇಳಲು ಬಂದಿದ್ದಾರೆ ಎಂದುಕೊಂಡು ಕುರ್ಚಿ ಎಳೆದು ಕೊಟ್ಟೆ. ಅವರು ಕೂರಲಿಲ್ಲ.

“ಇಂಜಿನ್ ಎಲ್ಲಿದೆ?” ಎಂದು ಕೇಳಿದರು.

ನನಗೆ ಅರ್ಥವಾಗಲಿಲ್ಲ ಎಂದುಕೊಂಡು ಮಗಳು ಹಿಂದಿಯಲ್ಲಿ ಇನ್ನೊಮ್ಮೆ ಹೇಳಿದಳು. ನನಗೆ ಮೊದಲ ಸಲವೇ ಅರ್ಥವಾಗಿತ್ತು.

“ಅದು ಇಲ್ಲ. ಗುಜರಿಗೆ ಹೋಯಿತು,” ಎಂದೆ.

ಅವರು ತಲೆಯಾಡಿಸಿದರು. ಆಮೇಲೆ, ನನ್ನ ಅರಬ್ಬಿಗೆ ನಿಲುಕುವಂತೆ ಸಣ್ಣ ಸಣ್ಣ ಮಾತುಗಳಲ್ಲಿ, ನಿಧಾನವಾಗಿ ಹೇಳಿದರು. “ನನಗೆ ಹುಚ್ಚಿಲ್ಲ. ಮಗ ಸತ್ತದ್ದು ಗೊತ್ತು, ಅವನನ್ನು ತೊಳೆದು ಮಲಗಿಸಿದ್ದನ್ನು ನೋಡಿದ್ದೇನೆ. ಶಬ್ದ ಬಂದಾಗ ಬಾಗಿಲಿಗೆ ಹೋಗುತ್ತಿದ್ದೆ. ಅಡುಗೆಮನೆಯಿಂದ ಬಾಗಿಲಿಗೆ ಎಷ್ಟು ದೂರ? ಹದಿನೈದು ಹೆಜ್ಜೆ. ಆ ಹದಿನೈದು ಹೆಜ್ಜೆ ನನ್ನದಾಗಿತ್ತು. ಬಾಗಿಲಲ್ಲಿ ಮುದುಕ ಕಾಣುತ್ತಿದ್ದ, ನಾನು ಒಳಗೆ ಬರುತ್ತಿದ್ದೆ. ಮುದುಕನಿಗೆ ಅದು ಸಂಕಟ ಅಂತ ನನಗೆ ಗೊತ್ತಿರಲಿಲ್ಲ. ನನಗೆ ಅದು ಸಂಕಟ ಅಲ್ಲ ಅಂತ ಅವನಿಗೂ ಗೊತ್ತಿರಲಿಲ್ಲ.”

ನಾನು ಏನೋ ಕ್ಷಮೆಯ ಮಾತು ಹೇಳಿದೆ.

“ನೀನು ಒಳ್ಳೆಯದಕ್ಕೇ ಮಾಡಿದ್ದು,” ಎಂದರು. “ಆದರೆ ಯಾರೂ ನನ್ನನ್ನು ಕೇಳಲಿಲ್ಲ. ಆ ಇಂಜಿನ್ ಸಿಕ್ಕಿದರೆ ತಂದುಕೊಡು. ಓಡಬೇಕು ಅಂತಿಲ್ಲ.”

ಖರ್ಜೂರದ ಚೀಲ ಅಲ್ಲೇ ಬಿಟ್ಟು ಇಬ್ಬರೂ ಮೆಟ್ಟಿಲಿಳಿದು ಹೋದರು. ಆ ಮಧ್ಯಾಹ್ನ ನಾನು ಯಾರಿಗೆ ಏನು ಮಾರಿದೆನೋ ನೆನಪಿಲ್ಲ.

ನನ್ನದೊಂದು ವಿಷಯವನ್ನು ಇಲ್ಲಿ ಹೇಳಬೇಕು. ಇಬ್ರಾದಲ್ಲಿ ಅದನ್ನು ಯಾರಿಗೂ ಹೇಳಿರಲಿಲ್ಲ, ಬ್ಯಾರಿಗಳಿಗೂ. ನಾನು ಮತ್ರಾದಲ್ಲಿದ್ದಾಗ ಊರಲ್ಲಿ ನಮಗೊಂದು ಹೆಣ್ಣುಮಗು ಹುಟ್ಟಿತ್ತು. ಎಂಟನೆಯ ತಿಂಗಳಲ್ಲಿ ಜ್ವರ ಬಂದು ನಾಲ್ಕು ದಿನದಲ್ಲಿ ತೀರಿಕೊಂಡಿತು. ಫೋಟೋದಲ್ಲಿ ಬಿಟ್ಟರೆ ನಾನು ಆ ಮಗುವನ್ನು ಕಂಡಿರಲಿಲ್ಲ. ಸುದ್ದಿ ಬರುವಾಗಲೇ ಮಣ್ಣು ಕೊಟ್ಟಾಗಿತ್ತು. ನನ್ನ ವೀಸಾಕ್ಕೆ ಹೊಣೆಯಾಗಿದ್ದ ಕಫೀಲ್ ರಜೆ ಕೊಡುತ್ತಿದ್ದನೇನೋ. ಈಗ ಹೋಗಿ ಮಾಡುವುದೇನು ಎಂದು ನಾನೇ ಹೋಗಲಿಲ್ಲ. ಬದಲಿಗೆ ಅಣ್ಣನಿಗೆ ಕಾಗದ ಬರೆದೆ. ಹೆಂಡತಿ ತವರಿನಿಂದ ಹಿಂದೆ ಬರುವಷ್ಟರಲ್ಲಿ ಮಗುವಿನ ಬಟ್ಟೆ, ತೊಟ್ಟಿಲು, ಆಟದ ಗಿಲಕಿ ಎಲ್ಲವನ್ನೂ ಮನೆಯಿಂದ ತೆಗೆಸಿಬಿಡು, ಅವಳ ಕಣ್ಣಿಗೆ ಬೀಳಬಾರದು ಎಂದು. ಅಣ್ಣ ಅಕ್ಷರಶಃ ಹಾಗೆಯೇ ಮಾಡಿದ. ಆಮೇಲೆ ಎರಡು ಸಲ ರಜೆಯಲ್ಲಿ ಊರಿಗೆ ಹೋಗಿದ್ದೆ. ಅವಳು ಒಮ್ಮೆಯೂ ಆ ಮಾತೆತ್ತಲಿಲ್ಲ. ನಾನು ಅವಳಿಗೆ ಒಳ್ಳೆಯದು ಮಾಡಿದೆ, ಅದಕ್ಕೇ ಅವಳು ಬೇಗ ಚೇತರಿಸಿಕೊಂಡಳು ಎಂದು ನಂಬಿಕೊಂಡಿದ್ದೆ.

ಬುಧವಾರದ ಆ ಸಂಜೆ ಅಂಗಡಿ ಬಾಗಿಲು ಹಾಕಿ, ಕೌಂಟರಿನ ಮೇಲೆಯೇ ಕಾಗದ ಇಟ್ಟುಕೊಂಡು ಅವಳಿಗೆ ಬರೆದೆ. ಕೊಂಕಣಿ ಮಾತಾಡುವವರು ನಾವು, ಬರೆಯುವುದು ಕನ್ನಡದಲ್ಲಿ. ಮಗುವಿನ ಸಾಮಾನು ತೆಗೆಸಿದ್ದು ನಾನು. ಆಗ ನಿನ್ನನ್ನು ಕೇಳಬೇಕಿತ್ತು, ಕೇಳಲಿಲ್ಲ. ನಿನಗೆ ಅದು ಬೇಕಿತ್ತಾ ಎಂದು ಈಗ ಕೇಳುತ್ತಿದ್ದೇನೆ. ಇಷ್ಟನ್ನು ಬರೆಯಲು ಮೂರು ಹಾಳೆ ಹರಿದೆ.

ಗುರುವಾರ ಪಿಕಪ್ಪಿನಲ್ಲಿ ಮಸ್ಕತ್ತಿಗೆ ಹೋದೆ. ನಮ್ಮಲ್ಲಿಂದ ಇಂಜಿನ್ ಒಯ್ದವನು ಅದನ್ನು ಯಾವ ಗುಜರಿ ಅಂಗಳಕ್ಕೆ ಕೊಟ್ಟನೆಂದು ವಿಚಾರಿಸಿಕೊಂಡು ಹುಡುಕಿದೆ. ಅಲ್ಲಿಯವನು ನನ್ನನ್ನು ಒಂದು ರಾಶಿಯ ಹತ್ತಿರ ಕರೆದುಕೊಂಡು ಹೋಗಿ ತೋರಿಸಿದ. ಒಡೆದ ಅಲ್ಯೂಮಿನಿಯಂ ಚೂರುಗಳು, ಎದೆಯೆತ್ತರ. “ಇದರೊಳಗೆ ಎಲ್ಲೋ ಇರಬೇಕು, ಇಲ್ಲವಾದರೆ ಹೋದ ವಾರದ ಲಾರಿಯಲ್ಲಿ ಹೋಗಿರಬೇಕು,” ಎಂದ. ನಾನು ಆ ರಾಶಿಯನ್ನು ಸ್ವಲ್ಪ ಹೊತ್ತು ಕೈಯಿಂದ ಕೆದಕಿದೆ. ಅವನು ತಡೆಯಲಿಲ್ಲ.

ಹೊರಗೆ ಬರುವಾಗ ಇನ್ನೊಂದು ಅಂಗಳದಲ್ಲಿ ಅದೇ ಮಾದರಿಯ ಬೈಕಿನ ಇಡೀ ಇಂಜಿನ್ ಒಂದು ಕಣ್ಣಿಗೆ ಬಿತ್ತು. ಅದನ್ನು ತೆಗೆದುಕೊಂಡೆ. ಆಗಲೂ ಮನಸ್ಸಿನಲ್ಲಿ ಮೋಸವಿತ್ತೆಂದು ಹೇಳಲಾರೆ; ಬರಿಗೈಯಲ್ಲಿ ಹೋಗಲು ಧೈರ್ಯವಿರಲಿಲ್ಲ, ಅಷ್ಟೆ.

ಬ್ಯಾರಿಗಳು ಸೀಮೆಎಣ್ಣೆಯಲ್ಲಿ ಅದನ್ನು ತೊಳೆದು, ನಮ್ಮ ಬೈಕಿನದಕ್ಕೆ ಹೋಲುವ ಹಾಗೆ ಒಂದೆರಡು ಕಡೆ ಕರಿ ಬಳಿದರು. “ಅದೇ ಅಂತ ಹೇಳುದೂ ಬೇಡ, ಅಲ್ಲ ಅಂತ ಹೇಳುದೂ ಬೇಡ,” ಎಂದರು. “ಸುಮ್ಮನೆ ಇಟ್ಟು ಬನ್ನಿ.” ಆಮೇಲೆ, “ಅವತ್ತು ನಾನು ಕೇಳಿದ್ದು ನೀವು ಬಾಬಾರಿಗೆ ಹೇಳಿದ್ರಾ?” ಎಂದು ಕೇಳಿದರು.

“ಇಲ್ಲ,” ಎಂದೆ.

ಅವರು ಕೈಯಲ್ಲಿದ್ದ ಬಟ್ಟೆಯಿಂದ ಇಂಜಿನ್ ಒರೆಸುತ್ತಲೇ ಇದ್ದರು.

ಬಾಬಾರ ಮನೆಗೆ ನಾನೊಬ್ಬನೇ ಹೊತ್ತುಕೊಂಡು ಹೋದೆ. ಆ ತಾಯಿ ಅಂಗಳದಲ್ಲಿ ಚಾಪೆ ಹಾಸಿದರು. ಚಾಪೆಯ ಮೇಲೆ ಅದನ್ನಿಟ್ಟೆ. ಅವರು ಹತ್ತಿರ ಕೂತು ಒಂದು ಸಲ ಅದರ ಎರಡೂ ಪಕ್ಕ ನೋಡಿದರು. ಅಂಗೈಯನ್ನು ಮೇಲಿಟ್ಟರು. ಆಮೇಲೆ ಒಳಗಿನಿಂದ ಒಂದು ಬಟ್ಟೆ ತಂದು ಮುಚ್ಚಿ, “ಅಲ್ಲಾಹ್ ನಿನ್ನ ಕೈಗೆ ಬಲ ಕೊಡಲಿ,” ಎಂದು ಹೇಳಿ ನನಗೆ ಕಹ್ವಾ ಕಾಫಿ ಬಗ್ಗಿಸಿದರು. ಮೂರು ಸಲ ಬಗ್ಗಿಸಿದರು. ನಾನು ಹಗುರಾದ ಮನಸ್ಸಿನಿಂದ ಹಿಂದೆ ಬಂದೆ. ಅದನ್ನು ನೆನೆದರೆ ಈಗಲೂ ಮುಖ ಬಿಸಿಯಾಗುತ್ತದೆ.

ತಿಂಗಳಿನ ಮೇಲೆ ಬಾಬಾ ಬ್ಯಾಟರಿಗೆ ನೀರು ಕೊಳ್ಳಲು ಬಂದಾಗ ತಾವಾಗಿಯೇ ಹೇಳಿದರು. “ಅದು ನನ್ನ ಮಗನ ಇಂಜಿನ್ ಅಲ್ಲ.”

ನಾನು ನೀರಿನ ಬಾಟಲಿಗಳನ್ನು ಕೌಂಟರಿನ ಮೇಲೆ ಇಟ್ಟೆ.

“ಕಿಕ್ಕರಿನ ರಬ್ಬರು ಹೋದಾಗ ಅವನು ಅಲ್ಲಿಗೆ ನೀರಿನ ಪೈಪಿನ ಒಂದು ಹಸಿರು ತುಂಡು ಸಿಕ್ಕಿಸಿದ್ದ. ಅದನ್ನು ಕತ್ತರಿಸಿ ಕೊಟ್ಟದ್ದು ಅವಳೇ. ನೋಡಿದ ಕೂಡಲೇ ಅವಳಿಗೆ ಗೊತ್ತಾಗಿದೆ.”

“ಮತ್ತೆ ಯಾಕೆ ಹೇಳಲಿಲ್ಲ?”

“ನಾನೂ ಕೇಳಿದೆ. ಆ ಹಿಂದುಸ್ತಾನಿ ಅಷ್ಟು ದೂರ ಹೋಗಿ ಹೊತ್ತುಕೊಂಡು ಬಂದಿದ್ದಾನೆ, ಬೇಡ ಅಂತ ಹೇಗೆ ಹೇಳುವುದು ಅಂದಳು.” ನೀರಿನ ಬಾಟಲಿಗಳನ್ನು ಚೀಲಕ್ಕೆ ಹಾಕಿಕೊಳ್ಳುತ್ತ, “ಈಗ ನಾವು ಮಾತಾಡುತ್ತೇವೆ,” ಎಂದರು. “ಅವನ ಬಗ್ಗೆ. ಮೊದಲು ಆಡುತ್ತಿರಲಿಲ್ಲ. ಅವಳಿಗೆ ಸಂಕಟ ಆಗುತ್ತದೆ ಅಂತ ನಾನು, ನನಗೆ ಆಗುತ್ತದೆ ಅಂತ ಅವಳು.”

ಅದೇ ಸುಮಾರಿಗೆ ಹೆಂಡತಿಯ ಕಾಗದವೂ ಬಂತು. ಎರಡು ಪುಟ ನನ್ನ ಅಮ್ಮನ ಆರೋಗ್ಯ, ಮನೆಯ ಹಂಚು ಬದಲಿಸಿದ್ದು, ನೆರೆಮನೆಯ ಮದುವೆ. ಕೊನೆಗೆ ನಾಲ್ಕು ಸಾಲು. ತವರಿನಿಂದ ಬಂದ ದಿನ ಕೋಣೆಯ ಬಾಗಿಲು ತೆರೆದು ನೋಡಿ, ಮಗು ಹುಟ್ಟಿಯೇ ಇರಲಿಲ್ಲವೋ ಎಂದು ತನಗೆ ಅನ್ನಿಸಿತ್ತು ಎಂದು ಬರೆದಿದ್ದಳು. ‘ನೀವು ಈಗಲಾದರೂ ಕೇಳಿದಿರಿ, ಅಷ್ಟು ಸಾಕು ಎಂದು ಬರೆಯಬೇಕೆಂದಿದ್ದೆ. ಬರೆಯಲು ಕೈ ಬರುವುದಿಲ್ಲ. ಸಾಕಾಗುವುದಿಲ್ಲ.’ ಆ ಸಲದ ರಜೆಯನ್ನು ಎರಡು ತಿಂಗಳು ಮುಂಚಿತವಾಗಿ ಕೇಳಿಕೊಂಡು ಊರಿಗೆ ಹೋದೆ. ಇಗರ್ಜಿಯ ಹಿಂದೆ ಮಕ್ಕಳನ್ನು ಮಣ್ಣು ಮಾಡುವ ಸಾಲಿನಲ್ಲಿ ಆ ಜಾಗವನ್ನು ಅವಳು ನನಗೆ ತೋರಿಸಿದಳು. ನಾನು ಅದನ್ನು ನೋಡಿದ್ದು ಅದೇ ಮೊದಲು. ಅಲ್ಲಿಂದ ಮನೆಗೆ ನಡೆದು ಬರುವಾಗ ಅವಳು ಮಾತಾಡಿದಳು. ಮಗು ಹೇಗೆ ನಗುತ್ತಿತ್ತು, ಯಾವ ಕಡೆಗೆ ಮಲಗಿದರೆ ನಿದ್ದೆ ಬರುತ್ತಿತ್ತು ಎಂದು. ನಾನು ಕೇಳಿಸಿಕೊಂಡೆ. ನಮ್ಮ ನಡುವೆ ಎಲ್ಲ ಸರಿಹೋಯಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ಎರಡು ವರ್ಷದ ಮೇಲೆ ಒಬ್ಬ ಮಗ ಹುಟ್ಟಿದ.

ಕರೆಂಟಿನ ಬೈಕು ಎರಡು ಬೇಸಿಗೆ ಓಡಿತು. ಮೂರನೆಯ ಬೇಸಿಗೆಯ ಸೆಕೆಗೆ ಬ್ಯಾಟರಿಗಳ ಹೊಟ್ಟೆ ಉಬ್ಬಿತು. ಹೊಸತು ಹಾಕೋಣ ಎಂದೆ. ಅಷ್ಟರಲ್ಲಿ ಬಾಬಾರಿಗೆ ಬೈಕಿನ ಮೇಲೆ ಕಾಲು ಹಾಕುವುದೇ ಆಗುತ್ತಿರಲಿಲ್ಲ. ಫಲಜ್‌ನ ಪಾಳಿಯನ್ನು ಅಳಿಯನಿಗೆ ಒಪ್ಪಿಸಿದ್ದರು. ಬ್ಯಾರಿಗಳು ಬಿಡುವಿದ್ದ ದಿನ ಹೋಗಿ ಮೋಟಾರನ್ನು ಬಿಚ್ಚಿ ತಂದು, ತೋಟದ ಒಂದು ಸಣ್ಣ ಪಂಪಿಗೆ ಜೋಡಿಸಲು ನೋಡಿದರು. ಅದು ಸರಿಬರಲಿಲ್ಲ. ಅವರು ನನಗಿಂತ ಮೊದಲೇ ಊರಿಗೆ ಹೋದರು, ಉಳ್ಳಾಲದಲ್ಲಿ ವೈಂಡಿಂಗ್ ಅಂಗಡಿ ಹಾಕಿದರು. ಕೆಮ್ಮು ಹಿಡಿದು ತೀರಿಕೊಂಡ ಸುದ್ದಿ ನನಗೆ ತಡವಾಗಿ ತಲುಪಿತು.

ನನ್ನನ್ನು ಧಣಿಗಳು ರುಸ್ತಾಕಿನ ಮಳಿಗೆಗೆ ವರ್ಗ ಮಾಡಿದರು. ಅಲ್ಲಿ ನಾಲ್ಕು ವರ್ಷ. ತೊಂಬತ್ತರ ದಶಕದ ಕೊನೆಗೆ, ಎಲ್ಲ ಬಿಟ್ಟು ಊರಿಗೆ ಹೊರಡುವ ಮುಂಚೆ, ಒಂದು ಬುಧವಾರ ಇಬ್ರಾಕ್ಕೆ ಹೋಗಿ ಬಂದೆ. ಬಾಬಾ ಹಿಂದಿನ ವರ್ಷವೇ ತೀರಿಹೋಗಿದ್ದರು, ಅದು ಗೊತ್ತಿತ್ತು. ಮನೆಯ ಬಾಗಿಲಿಗೆ ಬಂದ ಮಗಳು, ತಾಯಿ ಸೂಕಿನಲ್ಲಿದ್ದಾರೆ, ತಾನೇ ಕರೆತರುತ್ತೇನೆ ಎಂದಳು. ಅಂಗಳದಲ್ಲಿ ಕಾದು ಕೂತೆ. ತಾಯಿ ಬಂದರು, ಮೊದಲಿಗಿಂತ ಸಣ್ಣಗಾಗಿದ್ದರು. ನನ್ನನ್ನು ಗುರುತಿಸಲು ಅವರಿಗೆ ಹೊತ್ತು ಬೇಕಾಗಲಿಲ್ಲ. ಕೂತು, ಊರಿಗೆ ಹೋಗುತ್ತಿರುವ ಸುದ್ದಿ ಕೇಳಿ, “ಮಕ್ಕಳೆಷ್ಟು?” ಎಂದರು.

ಒಬ್ಬ ಮಗ ಎಂದು ಹೇಳಲು ಹೊರಟವನು, “ಇಬ್ಬರು,” ಎಂದೆ. “ಒಬ್ಬ ಮಗ ಇದ್ದಾನೆ. ಅದಕ್ಕೆ ಮೊದಲು ಒಬ್ಬಳು ಮಗಳಿದ್ದಳು.” ಆ ದೇಶದಲ್ಲಿ ಅಷ್ಟು ವರ್ಷ ಇದ್ದು, ಆ ಮಾತನ್ನು ನಾನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.

“ಹೆಸರೇನು ಅವಳದ್ದು?” ಎಂದು ಕೇಳಿದರು.

ಹೇಳಿದೆ. ಅವರು ಅದನ್ನು ಹೇಳಿ ನೋಡಿದರು. ಅರಬ್ಬಿ ನಾಲಿಗೆಗೆ ಆ ಹೆಸರು ಹೊರಳಲಿಲ್ಲ, ನಡುವಿನ ಅಕ್ಷರ ತಪ್ಪಿತು. ನಾನು ಇನ್ನೊಮ್ಮೆ ಬಿಡಿಸಿ ಹೇಳಿದೆ. ಎರಡನೆಯ ಸಲ ಅವರು ಸರಿಯಾಗಿ ಹೇಳಿದರು.